ಕಾಹಿಲಿನ ಸಾಕ್ಷಿ

ಕಳೆದ ಭಾನುವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ನಾನು ಇಚಲಕರಂಜಿಯ ನಮ್ಮ ಮನೆಯ ಅಡುಗೆಮನೆಯ ಬಾಗಿಲಲ್ಲಿ, ಫ್ರಿಜ್ಜಿಗೆ ಬೆನ್ನು ಆನಿಸಿ, ಬಲಗೈಯಲ್ಲಿ ಖಾಲಿ ಚಹಾದ ಕಪ್ಪು ಹಿಡಿದು ನಿಂತಿದ್ದೆ. ನನ್ನ ಹೆಂಡತಿ ಸುನಂದಾ ಪೂರಿ ಕರಿಯಲು ಕಡಾಯಿಯಲ್ಲಿ ಎಣ್ಣೆ ಕಾಯಿಸುತ್ತಿದ್ದಳು. ಎಣ್ಣೆ ಕಾದಿದೆಯೋ ಇಲ್ಲವೋ ನೋಡಲು ಹಿಟ್ಟಿನ ಒಂದು ಚೂರನ್ನು ಚಿವುಟಿ ಒಳಗೆ ಬಿಟ್ಟಳು. ಚೂರು ತಳಕ್ಕೆ ಹೋಯಿತು, ಕ್ಷಣ ಹೊತ್ತು ಅಲ್ಲೇ ಕೂತು ಯೋಚಿಸಿತು, ಆಮೇಲೆ ಗುಳ್ಳೆಗಳ ಅಂಗಿ ತೊಟ್ಟು ಮೇಲೆ ಬಂತು. ಎಲ್ಲ ಅಡುಗೆಮನೆಗಳಲ್ಲೂ ನಡೆಯುವ ಪರೀಕ್ಷೆ ಇದು. ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದೇ, ಮದುವೆಯಾದಾಗಿನಿಂದ ಈ ಬಾಗಿಲಲ್ಲಿ ನಿಂತು ಅಡ್ಡಿ ಮಾಡುತ್ತ ಬಂದ ನಾನು ಅದನ್ನು ಇಷ್ಟು ದಿನ ಗಮನಿಸಿರಲಿಲ್ಲ. ಇಲ್ಲಿ ಪರೀಕ್ಷೆ ನಡೆಯುವುದು ಎಣ್ಣೆಯದು. ಹಿಟ್ಟಿನದಲ್ಲ.

ನಿಂತ ಜಾಗ, ಕೈಯಲ್ಲಿದ್ದ ವಸ್ತು, ಮುಖ ಮಾಡಿದ ದಿಕ್ಕು ಎಲ್ಲವನ್ನೂ ಹೀಗೆ ಒಪ್ಪಿಸುವುದು ನನಗೆ ಈಚೆಗೆ ಅಂಟಿಕೊಂಡ ಚಟ. ಮೊದಲು ನಾನು ಹೀಗಿರಲಿಲ್ಲ. ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಾಗ ಕನ್ನಡಕ ಎಲ್ಲಿಟ್ಟೆ ಎಂಬುದನ್ನು ಇಡೀ ತರಗತಿಯೇ ನನಗೆ ಹೇಳಬೇಕಾಗುತ್ತಿತ್ತು. ಅದು ಹೆಚ್ಚಾಗಿ ನನ್ನ ಹಣೆಯ ಮೇಲೇ ಇರುತ್ತಿತ್ತು. ಆದರೆ ಹೋದ ವರ್ಷ ಪೊಲೀಸ್ ಠಾಣೆಯೊಂದರ ಬೆಂಚಿನ ಮೇಲೆ ಕೂತು, ನಾನು ಎಲ್ಲಿ ನಿಂತಿದ್ದೆ, ಏನು ಕಂಡೆ, ಏನು ಕಾಣಲಿಲ್ಲ ಎಂಬುದನ್ನು ಮತ್ತೆ ಮತ್ತೆ ಹೇಳಿದ ಮೇಲೆ ನನ್ನ ಮರೆವು ನನ್ನನ್ನು ಬಿಟ್ಟು ಹೋಗಿದೆ. ಹೋದದ್ದು ಒಳ್ಳೆಯದೇ ಆಯಿತು ಎನ್ನಲಾರೆ.

ನಮ್ಮ ಸೀಮೆ ಕುದಿಯುವ ಪಾತ್ರೆಗಳ ಸೀಮೆ. ಇಚಲಕರಂಜಿಯಲ್ಲಿ ಮಗ್ಗಕ್ಕೆ ಹೋಗುವ ನೂಲಿಗೆ ಗಂಜಿ ಹಾಕುತ್ತಾರೆ. ಆ ಗಂಜಿ ಕುದಿಯುವ ವಾಸನೆ ನಮ್ಮ ಓಣಿಗೆ ಗಡಿಯಾರವಿದ್ದಂತೆ, ಅದು ಬಂತೆಂದರೆ ಪಾಳಿಯವರ ಸೈಕಲ್ಲುಗಳೂ ಬಂದವು. ಕೊಲ್ಹಾಪುರದ ಖಾನಾವಳಿಗಳ ಹಿಂಬದಿಗೆ ಹೋದರೆ ಆಳು ಮುಳುಗುವಂಥ ಪಾತೇಲಿಗಳಲ್ಲಿ ಮಟನ್ನಿನ ಸಾರು, ಕೆಂಪು ರಸ್ಸಾ ಬಿಳಿ ರಸ್ಸಾ, ಕೊತಕೊತ ಎನ್ನುತ್ತಿರುತ್ತವೆ. ಜೈನರ ಮನೆಯವನಾದ ನಾನು ಅವುಗಳನ್ನು ಮೂಗಿನಿಂದ ಮಾತ್ರ ಬಲ್ಲೆ. ಶಿರೋಳಿಯ ಫೌಂಡ್ರಿಗಳಲ್ಲಿ ಕಬ್ಬಿಣವೇ ಹಾಲಿನಂತೆ ಕಾಯುತ್ತದೆ. ಗಡಹಿಂಗ್ಲಜದ ಕಡೆ ಇಳಿದರೆ ಕಬ್ಬಿನ ಹಾಲು. ಆ ಹಾಲನ್ನು ಬೆಲ್ಲ ಮಾಡುವ ಮನೆಗೆ ನಾವು ಮರಾಠಿಯವರಂತೆ ಗುರ್ಹಾಳ ಎನ್ನುತ್ತೇವೆ, ಅದು ಕುದಿಯುವ ಅಗಲವಾದ ಕೊಪ್ಪರಿಗೆಗೆ ಕಾಹಿಲು ಎನ್ನುತ್ತೇವೆ. ಬೆಂಕಿಯ ಮೇಲಿಟ್ಟ ದೊಡ್ಡ ಪಾತ್ರೆಯ ಮುಂದೆ ನಿಂತಾಗ ಮನುಷ್ಯನಿಗೆ ಸ್ವಲ್ಪ ಭಯ, ಸ್ವಲ್ಪ ಭಕ್ತಿ ಆಗುವುದು ಸಹಜ. ಹಾಕಿದ್ದು ಒಂದು, ಹೊರಬರುವುದು ಇನ್ನೊಂದು. ಮಾಟ ಮಾಡುವವರು, ಅಡುಗೆ ಮಾಡುವವರು, ರಸಾಯನಶಾಸ್ತ್ರದ ಮೇಷ್ಟ್ರು ಮೂವರೂ ಒಂದೇ ಗಡಿಗೆಯ ಸುತ್ತ ನಿಂತವರು ಎಂದು ನಾನು ತರಗತಿಯಲ್ಲಿ ತಮಾಷೆ ಮಾಡುತ್ತಿದ್ದೆ. ಮಕ್ಕಳು ನಗುತ್ತಿದ್ದರು. ಮೂವರೂ ಒಂದೇ ದಿನ ಒಂದೇ ಕಾಹಿಲಿನ ಸುತ್ತ ಸೇರಿದರೆ ಏನಾಗುತ್ತದೆ ಎಂಬುದನ್ನು ನಾನು ಆಗ ನೋಡಿರಲಿಲ್ಲ.

ನೋಡಿದ್ದು ಹೋದ ವರ್ಷ ಮಾಘ ಮಾಸದ ಒಂದು ಶನಿವಾರ, ಊಟವಾದ ಮೇಲೆ. ಗಡಹಿಂಗ್ಲಜದ ಆಚೆಗಿನ ಹಳ್ಳಿಯಲ್ಲಿ ನನ್ನ ಹೆಂಡತಿಯ ತವರಿದೆ. ಅವಳ ಅಣ್ಣ ಅಣ್ಣಾಸಾಹೇಬರದು ಅಲ್ಲಿ ಕಬ್ಬಿನ ಹೊಲ, ಹೊಲದ ಮೂಲೆಗೆ ಗುರ್ಹಾಳ. ನಾನು ಛಪ್ಪರದ ಕೆಳಗೆ, ಕಾಹಿಲಿನ ದಕ್ಷಿಣಕ್ಕೆ, ನೀರಿನ ಟಾಕಿಯ ಪಕ್ಕದಲ್ಲಿ ನಿಂತಿದ್ದೆ. ಕೈಯಲ್ಲಿ ಕಬ್ಬಿನ ಹಾಲಿನ ಲೋಟವಿತ್ತು. ಮುಖ ಉತ್ತರಕ್ಕೆ. ಹೊಗೆ ಪಶ್ಚಿಮಕ್ಕೆ ಹೋಗುತ್ತಿದ್ದುದರಿಂದ ಯಾವುದೂ ಮರೆಯಾಗಿರಲಿಲ್ಲ.

ಆ ವಾರ ಮನೆಯಲ್ಲಿ ನನ್ನ ಅತ್ತೆಯ ಬೋರ್ಮಾಳ, ಬಂಗಾರದ ಗುಂಡಿನ ಸರ, ಕಾಣೆಯಾಗಿತ್ತು. ಮಲಗುವ ಕೋಣೆಯ ಕಪಾಟಿನಲ್ಲಿದ್ದದ್ದು. ಆ ಕೋಣೆಗೆ ಮನೆಯವರೂ ಹೋಗುತ್ತಿದ್ದರು, ಬಂದ ನೆಂಟರೂ ಹೋಗುತ್ತಿದ್ದರು, ಕಸ ಗುಡಿಸಲು ಮಾಯವ್ವನೂ ಹೋಗುತ್ತಿದ್ದಳು. ಅನುಮಾನ ಯಾರ ಮೇಲೆ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮಾಯವ್ವ ಕುರಿ ಕಾಯುವವರ ಮನೆಯವಳು. ಅವಳ ಅಜ್ಜ ಕರ್ನಾಟಕದ ಕಡೆಯಿಂದ ಮಂದೆ ಹೊಡೆದುಕೊಂಡು ಬಂದು ಅಲ್ಲೇ ನಿಂತವನು. ಕಬ್ಬು ಕಡಿದ ಹೊಲಗಳಲ್ಲಿ ರಾತ್ರಿ ಅವರ ಕುರಿ ಕೂಡಿಸುತ್ತಾರೆ. ಹೊಲಕ್ಕೆ ಗೊಬ್ಬರ, ಕುರಿಗೆ ಜಾಗ. ಬೆಲ್ಲದ ದಿನಗಳಲ್ಲಿ ಅವಳು ಬೆಳಿಗ್ಗೆ ಮನೆಯ ಕಸ ಗುಡಿಸಿ, ಆಮೇಲೆ ಗುರ್ಹಾಳದ ಒಲೆಯ ಬಾಯಿಗೆ ಒಣ ಕಬ್ಬಿನ ಸಿಪ್ಪೆ ಹಾಕುವ ಕೆಲಸಕ್ಕೆ ಕೂರುತ್ತಿದ್ದಳು. ಅಂದರೆ ಆ ದಿನ ಆ ಕಾಹಿಲನ್ನು ಕುದಿಸಿದವಳೂ ಅವಳೇ.

ಅಣ್ಣಾಸಾಹೇಬರು ಸಿಟ್ಟಿನಲ್ಲಿರಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಆಮೇಲೆ ಕೆಲವರು ಸಿಟ್ಟಿನ ಭರದಲ್ಲಿ ಆಗಿಹೋಯಿತು ಎಂದರು. ಅವರು ಊಟ ಮಾಡಿ, ಅಡಿಕೆ ಬಾಯಿಗೆ ಹಾಕಿಕೊಂಡು, ಮದುವೆಯ ಮಾತು ಆಡುವವರ ಹಾಗೆ ಮಾತಾಡಿದರು.

“ಮಾಯವ್ವಾ, ನೀ ತಗೊಂಡಿಲ್ಲ ಅಂತಿ. ಛಲೋ ಆತು. ನಾವೂ ಹಂಗ ಅಂತೇವಿ. ಕಾಹಿಲ ಒಂದ್ಸಲ ಹೇಳಿಬಿಡ್ಲಿ.”

“ಕಾಹಿಲ ಹೆಂಗ ಹೇಳ್ತೈತ್ರಿ ಅಣ್ಣಾ?” ಎಂದಳು ಮಾಯವ್ವ. “ಅದಕ್ಕ ಬಾಯಿ ಎಲ್ಲೈತಿ?”

ಯಾರೋ ನಕ್ಕರು. ಅಣ್ಣಾಸಾಹೇಬರೂ ನಕ್ಕರು. ಆ ಮನೆಯಲ್ಲಿ ಒಂದು ರೂಢಿಯಿದೆ. ಪ್ರತಿ ವರ್ಷ ಮೊದಲ ಕಾಹಿಲಿಗೆ ಬೆಳ್ಳಿಯ ಒಂದು ಹಳೆಯ ರೂಪಾಯಿ ಹಾಕುತ್ತಾರೆ. ಬೆಲ್ಲ ಇಳಿಸಿದ ಮೇಲೆ ಅದನ್ನು ತೆಗೆದು ತೊಳೆದು ದೇವರ ಕೋಣೆಯಲ್ಲಿಡುತ್ತಾರೆ. ಲಕ್ಷ್ಮೀ ರೂಪಾಯಿ ಎಂದು ಅದರ ಹೆಸರು. ಆ ರೂಪಾಯಿ ಆಗ ಅವರ ಅಂಗಿಯ ಕಿಸೆಯಲ್ಲಿತ್ತು. ಎಂದರೆ ಅವರು ಮನೆಯಿಂದಲೇ ಯೋಚಿಸಿಕೊಂಡು ಬಂದಿದ್ದರು.

“ಇದನ್ನ ಒಳಗ ಬಿಡ್ತೇನಿ. ತಗದು ಕೊಡು. ಖರೇ ಇದ್ದವರ ಕೈ ಸುಡಂಗಿಲ್ಲ. ನಮ್ಮಜ್ಜನ ಕಾಲದಿಂದ ಬಂದದ್ದು.”

ಹೊಂಗೆಯ ನೆರಳಿಗೆ ಹಾಕಿದ ಕುರ್ಚಿಯಿಂದ ನನ್ನ ಅತ್ತೆ ಅಕ್ಕಾತಾಯಿ ಕೂಗಿದರು. “ಅದು ಹಂಗಲ್ಲೋ ಅಣ್ಣಾ. ಬೆಂಕಿ ಹಚ್ಚೂಕಿಂತ ಮೊದಲ, ತಣ್ಣಗಿದ್ದಾಗ ಕಾಹಿಲಿನ ದಂಡಿ ಮುಟ್ಟಿ ಆಣಿ ಮಾಡ್ತಿದ್ರು. ಕುದಿಯೂವಾಗಲ್ಲ.”

“ಆಯಿ, ಮುಂಜಾನೆ ಏನ್ ತಿಂದಿ ಅನ್ನೂದ ನಿನಗ ನೆನಪಿರಂಗಿಲ್ಲ,” ಎಂದರು ಮಗ.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಪರಂಪರೆ ಪರಂಪರೆ ಎನ್ನುವವರ ಮೇಲೆ ನನಗೆ ಮೊದಲಿನಿಂದಲೂ ಅಂಥ ಸಿಟ್ಟೇನೂ ಇರಲಿಲ್ಲ. ತಣ್ಣನೆಯ ತಾಮ್ರದ ಅಂಚಿನ ಮೇಲೆ ಅಂಗೈ ಇಟ್ಟು, ನಾಳೆ ಇದೇ ಪಾತ್ರೆಯ ಬೆಲ್ಲ ನಾವೆಲ್ಲ ತಿನ್ನುವವರು, ಸುಳ್ಳಾಡುವುದಿಲ್ಲ ಎಂದು ಮಾತು ಕೊಡುವುದು ಸುಂದರವಾದ ಸಂಗತಿ. ಅದರಲ್ಲಿ ಮನುಷ್ಯನ ಮಾತಿಗೆ ಬೆಲೆಯಿದೆ. ನನ್ನ ಭಾವನವರು ಅಜ್ಜನ ಹೆಸರು ಹೇಳಿ ಅಜ್ಜ ಕಂಡರಿಯದ ಕ್ರೌರ್ಯವೊಂದನ್ನು ಹೊಸದಾಗಿ ಹುಟ್ಟಿಸಿದರು. ಅಜ್ಜನನ್ನು ನೋಡಿದ್ದ ಒಬ್ಬರೇ ಒಬ್ಬರು ಅಲ್ಲಿ ಕೂತು ತಪ್ಪೆಂದು ಹೇಳಿದಾಗ ಅವರ ನೆನಪೇ ಸರಿಯಿಲ್ಲ ಎಂದರು. ಹಳತನ್ನು ಉಳಿಸುವವರ ಮಾತಲ್ಲ ಇದು. ಹಳತನ್ನು ಕದ್ದವರ ಮಾತು.

ನಾನೂ ಮಾತಾಡಿದೆ. “ಬ್ಯಾಡ್ರಿ ಅಣ್ಣಾಸಾಹೇಬ್. ಪಾಕ ಅಂದ್ರ ನೀರಲ್ಲ. ಅಂಟತೈತಿ. ತೊಗಲು ಕಿತ್ಕೊಂಡು ಬರ್ತೈತಿ.”

ಉತ್ತರ ಬಂದದ್ದು ಅವರಿಂದಲ್ಲ, ಅಜಿತನಿಂದ. ಅಜಿತ ನನ್ನ ಹೆಂಡತಿಯ ತಮ್ಮ, ಎಂಜಿನಿಯರು, ಶಿರೋಳಿಯ ಫೌಂಡ್ರಿಯೊಂದರಲ್ಲಿ ಕೆಲಸ. ಅವನ ಮೊಬೈಲಿನಲ್ಲಿ ಒಂದು ವಿಡಿಯೋ ಇದೆ. ಅದನ್ನು ಅವನು ಪ್ರತಿ ಮದುವೆಯಲ್ಲೂ ಮಗುವಿಗೆ ಹೆಸರಿಡುವ ಪ್ರತಿ ಬಾರಸದಲ್ಲೂ ತೋರಿಸುತ್ತಾನೆ: ಕರಗಿದ ಲೋಹದ ಧಾರೆಯ ಅಡ್ಡಕ್ಕೆ ಯಾರೋ ಹಸಿ ಕೈಯನ್ನು ಮಿಂಚಿನಂತೆ ಬೀಸುತ್ತಾರೆ, ಕೈಗೆ ಏನೂ ಆಗುವುದಿಲ್ಲ. ವಿಡಿಯೋ ಸುಳ್ಳಲ್ಲ. ಕಾದ ಹಂಚಿನ ಮೇಲೆ ನೀರಿನ ಹನಿ ಆರದೆ ಕುಣಿಯುವುದನ್ನು ನೀವೂ ನೋಡಿದ್ದೀರಿ. ಹನಿಯ ಕೆಳಗೆ ಹಬೆಯ ತೆಳು ಪದರವೊಂದು ಹುಟ್ಟಿ ಅದನ್ನು ಎತ್ತಿ ಹಿಡಿಯುತ್ತದೆ. ಹಸಿ ಕೈಗೂ ಅಂಥದೇ ಹಬೆಯ ಕೈಗವಸು ಕಣ್ಣು ಮಿಟುಕಿಸುವಷ್ಟು ಹೊತ್ತು ಸಿಗುತ್ತದೆ. ಅಷ್ಟೇ ಹೊತ್ತು.

“ದಾಜಿ, ನಿಮ್ಮ ಪುಸ್ತಕ ಹಳೇವಾದ್ವು,” ಎಂದ ಅಜಿತ, ಅಕ್ಕನ ಗಂಡನನ್ನು ನಮ್ಮಲ್ಲಿ ಕರೆಯುವುದು ಹಾಗೇ. “ಕಬ್ಬಿಣಕ್ಕ ಸುಡದ ಕೈ ಬೆಲ್ಲಕ್ಕ ಸುಡತೈತೇನು? ಕೈ ಹಸಿ ಮಾಡಿಕೊಂಡು ಹಾಕ್ಲಿ. ಕಾಯ್ ಹೋತ್ ನಾಹೀ, ಏನೂ ಆಗಂಗಿಲ್ಲ. ಆಕಿಗೂ ಸಮಾಧಾನ, ಅಣ್ಣಾಗೂ ಸಮಾಧಾನ, ವಿಷಯ ಮುಗೀತು.”

ಹೀಗೆ ಭಾವನವರಿಗೆ ದೇವರು ಸಿಕ್ಕಿದ್ದ, ಈಗ ವಿಜ್ಞಾನವೂ ಸಿಕ್ಕಿತು. ಇನ್ನು ಉಳಿದದ್ದು ಪಾಕಶಾಸ್ತ್ರ. ಬೆಲ್ಲದ ಹದ ನೋಡುವ ತುಕಾರಾಮ ದಿನವೂ ಎಲ್ಲರ ಕಣ್ಣೆದುರಿಗೆ ಬೆರಳನ್ನು ತಣ್ಣೀರಿನಲ್ಲಿ ಅದ್ದಿ, ಕುದಿಯುವ ಪಾಕಕ್ಕೆ ಚಕ್ಕನೆ ಮುಟ್ಟಿಸಿ, ಮತ್ತೆ ತಣ್ಣೀರಿಗೆ ತಂದು ಅಲ್ಲಿ ಪಾಕವನ್ನು ಗೋಲಿ ಮಾಡಿ ನೋಡುತ್ತಾನೆ. ಅದನ್ನು ನೋಡುತ್ತ ಬೆಳೆದ ಊರಿನವರಿಗೆ ಕಾಹಿಲಿನಲ್ಲಿ ಕೈ ಇಡುವುದು ಅಷ್ಟೇನೂ ದೊಡ್ಡ ಮಾತಾಗಿ ಕಾಣುವುದಿಲ್ಲ. ಬೇರೆ ಸೀಮೆಯ ಜನ ಕುದಿಯುವ ಕೊಪ್ಪರಿಗೆ ಕಂಡರೆ ಹಿಂದೆ ಸರಿಯುತ್ತಾರೆ. ಹಿಂದೆ ಸರಿಯದಿರುವ ತಪ್ಪು ಮಾಡಲು ನಮ್ಮ ಕಡೆಯವರೇ ಆಗಬೇಕು.

ತುಕಾರಾಮ ಒಂದು ಮಾತು ಹೇಳಿದ. “ಮಾಲಕ್, ಮೀ ಬೋಟ್ ಬುಡವ್ತೋ. ಹಾತ್ ನವ್ಹೆ.” ನಾನು ಅದ್ದುವುದು ಬೆರಳು, ಕೈಯಲ್ಲ. ಹೇಳಿ, ನೊರೆ ತೆಗೆಯುವ ಜಾಲರಿಯನ್ನು ಒರೆಸುತ್ತ ಕೂತ. ಅವನ ಬೆಲ್ಲದ ಹಂಗಾಮು ಇನ್ನೂ ಬಾಕಿಯಿತ್ತು.

ಮಾಯವ್ವ ಎಲ್ಲರ ಮುಖ ನೋಡಿದಳು. ಇಲ್ಲವೆಂದರೆ ಅವರ ಕುರಿಗೆ ಆ ಊರಿನ ಯಾವ ಹೊಲದಲ್ಲೂ ಜಾಗ ಸಿಗುವುದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಕೊನೆಗೆ ಅವಳು ಅಜಿತನನ್ನು ಕೇಳಿದಳು. ದೇವರ ಮಾತಾಡಿದವರನ್ನಲ್ಲ, ಕಲಿತವನನ್ನು.

“ಖರೇನ ಸುಡಂಗಿಲ್ಲೇನ್ರಿ ಸಾಹೇಬ್ರ?”

“ಏನೂ ಆಗಂಗಿಲ್ಲ ಮಾಯವ್ವಾ. ಇದು ಶಾಸ್ತ್ರ.”

ಅಣ್ಣಾಸಾಹೇಬರು ರೂಪಾಯಿಯನ್ನು ಪಾಕಕ್ಕೆ ಬಿಟ್ಟರು. ಅವಳು ಟಾಕಿಯಲ್ಲಿ ಕೈ ಅದ್ದಿದಳು. ನಾನು ಲೋಟ ಬಿಸಾಕಿ ಅವಳ ಸೆರಗಿಗೆ ಕೈ ಹಾಕಿದೆ. ಯಾರೋ ಹಿಂದಿನಿಂದ ನನ್ನ ರಟ್ಟೆ ಹಿಡಿದರು, “ದಾಜಿ, ಇದು ನಿಮ್ಮ ಸಾಲಿ ಅಲ್ರಿ” ಎಂದರು. ಯಾರೆಂದು ನೋಡಲಿಲ್ಲ, ಆದ್ದರಿಂದ ಹೆಸರು ಹೇಳುವುದಿಲ್ಲ. ಮಾಯವ್ವ ಅಂಚಿನ ಮೇಲೆ ಬಾಗಿ ಮೊಳಕೈವರೆಗೆ ಕೈ ಬಿಟ್ಟಳು. ರೂಪಾಯಿ ಅಂಚಿನ ಹತ್ತಿರ ಇರಲಿಲ್ಲ, ಕುದಿತಕ್ಕೆ ಸರಿದಿತ್ತು. ಅವಳು ತಡಕಿದಳು. ಹಬೆಯ ಕೈಗವಸಿಗೆ ತಡಕುವಷ್ಟು ಆಯುಷ್ಯವಿರುವುದಿಲ್ಲ. ಕೈ ಹೊರಬಂದಾಗ ಮುಷ್ಟಿ ಕಟ್ಟಿತ್ತು. ಪಾಕ ಅದರ ಮೇಲೆ ಹೊಂಬಣ್ಣದಲ್ಲಿ ಹೊಳೆಯುತ್ತಿತ್ತು, ಹೊಳೆಯುತ್ತ ಒಳಗೆ ಸುಡುತ್ತಲೇ ಇತ್ತು. ನಾನು ಬಿಡಿಸಿಕೊಂಡು ಆ ಕೈಯನ್ನು ಟಾಕಿಯ ನೀರಿನೊಳಗೆ ಒತ್ತಿ ಹಿಡಿದೆ. ನೀರಿನಲ್ಲಿ ಮುಷ್ಟಿ ಮೆಲ್ಲನೆ ಬಿಚ್ಚಿತು. ಅದರಲ್ಲಿ ರೂಪಾಯಿ ಇತ್ತು.

ಅವಳು ಅದನ್ನು ತೆಗೆದು ಕೊಟ್ಟಿದ್ದಳು. ಅವರೇ ಹಾಕಿದ ಪರೀಕ್ಷೆಯ ಅರ್ಧ ಅವಳು ಗೆದ್ದಿದ್ದಳು. ಆ ರೂಪಾಯಿಯನ್ನು ತೊಳೆದು ಮತ್ತೆ ದೇವರ ಕೋಣೆಯಲ್ಲಿ ಇಟ್ಟಿದ್ದಾರೆ. ಈಗಲೂ ಅದಕ್ಕೆ ಅರಿಸಿನ ಕುಂಕುಮ ಏರುತ್ತದೆ.

ನನ್ನ ಸಿಟ್ಟು ಇಲ್ಲಿಂದ ಶುರುವಾಗುತ್ತದೆ, ಏಕೆಂದರೆ ಅಲ್ಲಿಯವರೆಗೆ ಅದಕ್ಕೆ ಪುರಸೊತ್ತೇ ಇರಲಿಲ್ಲ. ಊರಿನಲ್ಲಿ ಸಂಜೆಯೊಳಗೆ ತೀರ್ಪು ಹೊರಬಿತ್ತು: ಸುಟ್ಟಿತಲ್ಲ, ಅಂದ್ರ ತಗೊಂಡಾಳ. ಅದೇ ಸಂಜೆ ದವಾಖಾನೆಯಲ್ಲಿ, ಆಮೇಲೆ ಠಾಣೆಯಲ್ಲಿ, ಅದೇ ಬಾಯಿಗಳು ಬೇರೆ ಮಾತು ಹೇಳಿದವು: ಒಲೆಗೆ ಸಿಪ್ಪೆ ಹಾಕುವಾಗ ಕಾಲು ಜಾರಿ ಕೈ ಕಾಹಿಲಿನಲ್ಲಿ ಬಿತ್ತು. ಊರಿನ ಒಳಗೆ ಕಾಹಿಲು ನ್ಯಾಯಾಧೀಶ, ಊರಿನ ಹೊರಗೆ ಕಾಹಿಲು ಅಪಘಾತ. ನಂಬಿಕೆಯಿದ್ದವರು ನಂಬಿಕೆಗಾಗಿ ಜೈಲಿಗೆ ಹೋಗಲಿ, ನಾನು ದೂರದಿಂದಾದರೂ ಕೈ ಮುಗಿಯುತ್ತೇನೆ. ಇವರು ತಮ್ಮ ದೇವರ ಸಾಕ್ಷ್ಯವನ್ನು ಠಾಣೆಯ ಮೆಟ್ಟಿಲಿನವರೆಗೂ ಒಯ್ಯಲಿಲ್ಲ. ಇಂಥ ಮೂಢನಂಬಿಕೆಯ ಪರೀಕ್ಷೆಗೆ ಶಿಕ್ಷೆ ವಿಧಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಕಾಲು ಜಾರಿತು.

ಅಜಿತನ ಮಾತು ಇನ್ನೂ ಸೊಗಸು. “ಆಕಿ ಕೈ ಸರಿಯಾಗಿ ಹಸಿ ಮಾಡ್ಲಿಲ್ಲ ದಾಜಿ. ಮತ್ತ ತಡಾ ಮಾಡಿದ್ಲು.” ಧರ್ಮದ ಕಡೆಯಿಂದ ಕೇಳಿದರೆ ಅವಳು ಸುಳ್ಳಿ, ವಿಜ್ಞಾನದ ಕಡೆಯಿಂದ ಕೇಳಿದರೆ ಅವಳು ದಡ್ಡಿ. ಎರಡೂ ಕಡೆಯವರು ತಪ್ಪು ಹುಡುಕಿದ್ದು ಕೈಯಲ್ಲಿ. ಕಾಹಿಲಿನಲ್ಲಿ ಯಾರೂ ಹುಡುಕಲಿಲ್ಲ. ವಿಜ್ಞಾನ ಎಂಬ ಮಾತನ್ನು ಜೀವಮಾನವಿಡೀ ಬಾಯಲ್ಲಿಟ್ಟುಕೊಂಡು ಸಂಬಳ ತಿಂದವನು ನಾನು. ಆ ಮಾತಿಗೆ ಅಷ್ಟು ಅವಮಾನವಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾವು ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಮನೆತನದವರು, ಹುಳ ಸತ್ತೀತೆಂದು. ಆ ಬಟ್ಟೆಯನ್ನು ನೋಡಿದರೆ ಈಗ ನನಗೆ ಮುಖ ಆ ಕಡೆ ತಿರುಗಿಸುವಂತಾಗುತ್ತದೆ. ತಪ್ಪು ಬಟ್ಟೆಯದಲ್ಲ.

ಬೋರ್ಮಾಳ ಸಿಕ್ಕಿತೇ ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಸಿಕ್ಕಿಲ್ಲ. ಅತ್ತೆಯ ಹಾಸಿಗೆಯ ಸಂದಿಯಲ್ಲೋ ಯಾವನೋ ನೆಂಟನ ಚೀಲದಲ್ಲೋ ಸಿಕ್ಕಿದ್ದರೆ ಈ ಪ್ರಬಂಧ ಬರೆಯುವುದು ಸುಲಭವಾಗುತ್ತಿತ್ತು. ಯಾರು ತೆಗೆದರೆಂದು ನನಗೆ ಗೊತ್ತಿಲ್ಲ. ಮಾಯವ್ವ ತೆಗೆದಿಲ್ಲ ಎಂಬುದು ನನ್ನ ನಂಬಿಕೆ, ಅದು ನಾನು ಕಂಡದ್ದಲ್ಲ. ಅವಳೇ ತೆಗೆದಿದ್ದಳು ಎಂದಿಟ್ಟುಕೊಂಡರೂ ಕಾಹಿಲಿಗೆ ಅದು ಗೊತ್ತಿರಲು ಸಾಧ್ಯವಿಲ್ಲ. ಬೆಲ್ಲದ ಪಾಕಕ್ಕೆ ಬಂಗಾರದ ಸುದ್ದಿ ಯಾರು ಹೇಳುತ್ತಾರೆ?

ಮಳೆಗಾಲದ ಮೊದಲು ನಾನು ಅವಳನ್ನು ನೋಡಲು ಹೋಗಿದ್ದೆ. ಕುರಿಯನ್ನು ಬೇರೆ ಊರಿನ ಹೊಲಕ್ಕೆ ಹೊಡೆದುಕೊಂಡು ಹೋಗಿದ್ದರು. ಬಲಗೈಯ ಬೆರಳುಗಳು ಒಂದಕ್ಕೊಂದು ಸೆಳೆದುಕೊಂಡು ಮಡಚಿಕೊಂಡಿವೆ. ಉಣ್ಣೆ ಹಿಂಜುವುದೂ ಆಗುವುದಿಲ್ಲ, ಕುರಿ ಹಿಂಡುವುದೂ ಆಗುವುದಿಲ್ಲ. ಎಡಗೈಯಿಂದ ಚಹಾ ಕೊಟ್ಟಳು, ಎಡಗೈ ಎಂದು ನಾನು ಬೇಸರಪಟ್ಟೇನೋ ಎಂದು ಹೆದರಿದಳು. ಆಮೇಲೆ ಹೇಳಿದಳು:

“ಕೈ ಹೋದ್ರ ಹೋಗ್ಲಿ ಮಾಸ್ತರ್. ಕಳ್ಳಿ ಅಂತಾರಲ್ರಿ, ಅದೊಂದ ತಗಸ್ರಿ. ನನ್ನ ಮಗಳನ್ನ ನೋಡಾಕ ಬಂದವ್ರು ಅದನ್ನ ಕೇಳಿ ಎದ್ದ ಹ್ವಾದ್ರು.”

ಕಾಲು ಜಾರಿತು ಎಂಬ ಮಾತು ಸುಳ್ಳೆಂದು ಕೋರ್ಟಿನಲ್ಲಿ ನಿಂತರೆ ಮಾತ್ರ ಆ ಕಳ್ಳಿಯೆಂಬ ಹೆಸರು ಹೋಗುತ್ತದೆ. ಮಾಯವ್ವನನ್ನು ಬಿಟ್ಟರೆ ಹೇಳಿಕೆ ಕೊಟ್ಟವನು ನಾನೊಬ್ಬ. ಒಬ್ಬನ ಮಾತು, ಅದೂ ಅಳಿಯನ ಮಾತು, ಅತ್ತೆಮನೆಯ ಮೇಲಿನ ಯಾವುದೋ ಹಗೆ ಎಂದು ಎದುರಿನ ವಕೀಲರು ಒಂದೇ ಉಸಿರಿಗೆ ಊದಿಬಿಡುತ್ತಾರೆ. ಇನ್ನೊಂದು ಕಣ್ಣು ಬೇಕು ಎಂದು ನಮ್ಮ ಕಡೆಯ ವಕೀಲರು ಹೇಳಿದ್ದಾರೆ.

ಆ ಇನ್ನೊಂದು ಕಣ್ಣು ನನ್ನ ಮನೆಯಲ್ಲೇ ಇತ್ತು. ಸುನಂದಾ ಆ ದಿನ ಅಲ್ಲಿದ್ದಳು. ನಾನು ಅವಳನ್ನು ಕೇಳಲಿಲ್ಲ. ಕೇಳಿದರೆ ಅವಳ ತವರಿನ ಬಾಗಿಲು ಮುಚ್ಚುತ್ತದೆ. ಅದನ್ನು ಮುಚ್ಚು ಎನ್ನುವ ಹಕ್ಕು ಗಂಡನಿಗಿದೆಯೆಂದು ನನಗೆ ಅನ್ನಿಸಲಿಲ್ಲ. ದೀಪಾವಳಿಯ ಭಾವುಬೀಜಕ್ಕೆ ಅವಳು ಒಬ್ಬಳೇ ಹೋಗಿ ಅಣ್ಣನಿಗೂ ತಮ್ಮನಿಗೂ ಆರತಿ ಮಾಡಿ ಬಂದಳು. ಒಂದು ಸಂಗತಿ ಮಾತ್ರ ನಾನು ಗಮನಿಸಿದ್ದೆ. ಮಾಘದ ಆ ಶನಿವಾರದಿಂದ ನಮ್ಮ ಮನೆಯಲ್ಲಿ ಕಡಾಯಿ ಒಲೆ ಏರಿರಲಿಲ್ಲ. ಯುಗಾದಿಗೆ ಕರಿದದ್ದಿಲ್ಲ, ದೀಪಾವಳಿಗೆ ಕರಿದದ್ದಿಲ್ಲ. ವಯಸ್ಸಾಯಿತು, ಎಣ್ಣೆ ಒಳ್ಳೆಯದಲ್ಲ ಎಂದು ನೆಂಟರಿಗೆ ನಾನೇ ಕಾರಣ ಕಟ್ಟಿ ಹೇಳುತ್ತಿದ್ದೆ.

ಅದಕ್ಕೇ ಕಳೆದ ಭಾನುವಾರ ಎಣ್ಣೆಯ ವಾಸನೆ ಬಂದಾಗ ನಾನು ಪೇಪರು ಬಿಟ್ಟು ಎದ್ದು ಹೋಗಿ ಫ್ರಿಜ್ಜಿಗೆ ಬೆನ್ನು ಆನಿಸಿ ನಿಂತದ್ದು. ಹಿಟ್ಟಿನ ಚೂರು ಮೇಲೆ ಬಂತು. ಸುನಂದಾ ಅದನ್ನು ಜಾಲರಿ ಸೌಟಿನಿಂದ ತೆಗೆದು ತಟ್ಟೆಯ ಅಂಚಿಗಿಟ್ಟಳು, ಸುಟ್ಟು ಕೆಂಪಾಗಿತ್ತು. ಅದನ್ನೇ ನೋಡುತ್ತ, ನನ್ನ ಕಡೆ ತಿರುಗದೆ ಹೇಳಿದಳು:

“ತಾರೀಖ ಯಾವಾಗ ಐತ್ರಿ ಕೋರ್ಟಿಂದು?”

ಹೇಳಿದೆ.

“ನನ್ನ ಹೆಸರೂ ಬರಸ್ರಿ. ಆಯಿ ಹೇಳಿದ್ದನ್ನೂ ನಾ ಹೇಳ್ತೇನಿ. ಆಕಿ ಈಗ ಹೇಳಾಕ ಇಲ್ಲ.” ಮೊದಲ ಪೂರಿಯನ್ನು ಎಣ್ಣೆಗೆ ಬಿಟ್ಟು, “ನಿಂತ ನೋಡಬ್ಯಾಡ್ರಿ, ತಾಟ ತಗೊಂಡ ಬರ್ರಿ,” ಎಂದಳು.

ಪೂರಿಗಳು ಚೆನ್ನಾಗಿ ಉಬ್ಬಿದ್ದವು. ನಾವಿಬ್ಬರೂ ಹೆಚ್ಚು ತಿನ್ನಲಿಲ್ಲ.

ಅಕ್ಕಾತಾಯಿ ಶ್ರಾವಣದಲ್ಲಿ ತೀರಿಕೊಂಡರು. ಆ ಶನಿವಾರ ಕಾಹಿಲಿನ ಬಳಿ ಆದದ್ದನ್ನು ಕಂಡವರಲ್ಲಿ ಬದುಕಿರುವವರು ಇವರು. ಅಣ್ಣಾಸಾಹೇಬರು: ಕಾಹಿಲಿನ ಉತ್ತರಕ್ಕೆ, ನನ್ನ ಎದುರಿಗೆ ನಿಂತಿದ್ದರು, ರೂಪಾಯಿ ಬಿಟ್ಟ ಕೈ ಅವರದು. ಅಜಿತ: ಅವರ ಎಡಕ್ಕೆ, ಮೊಬೈಲು ಹಿಡಿದು. ತುಕಾರಾಮ: ಒಲೆಯ ಪಕ್ಕದ ಕಟ್ಟೆಯ ಮೇಲೆ, ಜಾಲರಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನನ್ನ ರಟ್ಟೆ ಹಿಡಿದವರು: ನನ್ನ ಹಿಂದೆ, ಅವರಿಗೆ ತಾವು ಯಾರೆಂದು ಗೊತ್ತಿದೆ. ಮಾಯವ್ವ. ನಾನು. ಮತ್ತು ಸುನಂದಾ, ಅಣ್ಣಾಸಾಹೇಬರ ಒಡಹುಟ್ಟಿದ ತಂಗಿ: ಪೂರ್ವಕ್ಕೆ, ಹೊಂಗೆಯ ಕೆಳಗೆ, ತಾಯಿಯ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು, ಹೊಗೆ ಅವಳ ಕಡೆಗೂ ಇರಲಿಲ್ಲ.